ಜಗುಲಿಯಲ್ಲಿ ಎರಡು ದನಿ

ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನನಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಮಿಡ್ಲ್‌ಸ್ಕೂಲು ಓದಿದವಳೆಂಬ ಸಣ್ಣ ಜಂಬವೂ ಇತ್ತೆನ್ನಿ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕಿವಿಯಾರೆ ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ?

ನಮ್ಮ ಯಜಮಾನರು ಬಿಹಾರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. ಐವತ್ತರ ದಶಕದ ಕೊನೆಯಲ್ಲಿ ಕೆಲಸ ಬಿಟ್ಟು ಹೊಳೆನರಸೀಪುರಕ್ಕೆ ಬಂದಾಗ ಜ್ವರವನ್ನೂ ತಂದರು. ಬಿಡುವುದು, ಮತ್ತೆ ಬರುವುದು. ಮೈ ಒಣಗಿತು, ಮುಖ ಕಪ್ಪಿಟ್ಟಿತು, ಎಡಪಕ್ಕೆಯ ಕೆಳಗೆ ಗಡ್ಡೆ ಬೆಳೆದು ಅಂಗಿಯ ಗುಂಡಿ ಹಾಕಲಾಗದಂತಾಯಿತು. ಊರಿನ ಡಾಕ್ಟರು ಮಲೇರಿಯಾ ಎಂದು ಕಹಿಗುಳಿಗೆ ಕೊಟ್ಟರು. ಇಳಿಯಲಿಲ್ಲ. ಇನ್ನಷ್ಟು ಕೊಟ್ಟರು. ಡಿಡಿಟಿ ಹೊಡೆಯುವವರು ಬಂದು, ದೇವರ ಗೂಡನ್ನೂ ಬಿಡದೆ ಹೊಡೆದು, ಇನ್ನು ಈ ಮನೆಗೆ ಮಲೇರಿಯಾ ಕಾಲಿಡುವುದಿಲ್ಲ ಎಂದು ಹೇಳಿ ಹೋದರು. ಮಲಗಿದ್ದವರ ಕಡೆ ಯಾರೂ ತಿರುಗಿ ನೋಡಲಿಲ್ಲ. ನಮ್ಮತ್ತೆಯದು ಒಂದೇ ಮಾತು: “ಅಸಿವು ಚೆಂದಾಗೈತೆ ಕಣವ್ವ. ಉಣ್ಣೋನು ಉಳ್ಕತಾನೆ.” ಉಣ್ಣುತ್ತಿದ್ದರು, ನಿಜ. ಉಂಡದ್ದು ಎಲ್ಲಿಗೆ ಹೋಗುತ್ತಿತ್ತೋ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಜಗುಲಿಯಲ್ಲಿ ಇಬ್ಬರು ಹಿಂದಿಯಲ್ಲಿ ಮಾತಾಡುವುದು ಕೇಳಿಸಿತು. ಒಂದು ಇವರ ದನಿ. ಇನ್ನೊಂದು ಒರಟು ದನಿ, ನಡುನಡುವೆ ಕೆಮ್ಮು. ನನಗೆ ಆ ಭಾಷೆ ಬಾರದು. “ಕಾಲಾ ಅಜಾರ್” ಎನ್ನುವುದೊಂದು ಮಾತ್ರ ಒರಟು ದನಿಯಲ್ಲಿ ಮತ್ತೆ ಮತ್ತೆ ಬಂದು ಕಿವಿಯಲ್ಲಿ ನಿಂತಿತು. ಕಾಯಿಲೆಯವರಿಗೆ ಜೊಂಪು ಹತ್ತುವ ಹೊತ್ತಿನಲ್ಲಿ ಹರಟೆಗೆ ಬಂದ ಮಹರಾಯ ಯಾರಪ್ಪ ಎಂದು ಗೊಣಗುತ್ತಲೇ ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಹೋದೆ.

ಇವರೊಬ್ಬರೇ ಎದ್ದು ಕೂತಿದ್ದರು.

“ಬಂದೋರೆಲ್ಲಿ?” ಎಂದೆ.

“ಈಗ ತಾನೆ ಓದ್ನಲ್ಲ. ನಮ್ ಶೆಡ್ಡಿನ ಶಿವನಾಥ ಕಣೆ. ಒಟ್ಟೆ ಮುಟ್ಟಿ ನೋಡಿ, ಇದು ಮಲೇರಿಯಾ ಅಲ್ಲ, ಸೂಜಿ ಆಕುಸ್ಕೊ ಅಂದ.” ಲೋಟಕ್ಕೆ ಚಾಚಿದ ಕೈ ಹಾಗೇ ನಿಂತಿತು. “ಲೇ... ಅವನು ಓದ್ವರ್ಸ ಅಲ್ಲೇ ಜ್ವರದಲ್ಲಿ ಸತ್ತೋದ್ನಲ್ಲೇ.”

ಕಿವಿಯಲ್ಲಿ ನಿಂತಿದ್ದ ಆ “ಕಾಲಾ ಅಜಾರ್” ಎಂಬ ಹೆಸರನ್ನು ಊರಿನ ಡಾಕ್ಟರಿಗೆ ಹೇಳಿದೆ. ನಕ್ಕರು.

“ಅದು ಬಿಹಾರದ ಕಡೆ ಕಾಯಿಲೆ ಕಣಮ್ಮ. ನಮ್ಮ ಹಾಸನದ ಸೀಮೇಲಿ ಎಲ್ಲಿಂದ ಬರಬೇಕು?”

“ಇವರು ಬಂದಿರೋದೇ ಅಲ್ಲಿಂದ ಅಲ್ವಾ ಸಾ!” ಎಂದೆ. ಎಷ್ಟು ಸಲ ಹೇಳಿದ್ದೆ ಅದನ್ನು!

ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಎದೆಮೂಳೆಗೆ ಸೂಜಿ ಚುಚ್ಚಿ, ಒಳಗಿನ ಮಜ್ಜೆ ತೆಗೆದು ನೋಡಿ, ಅದೇ ಹೆಸರು ಹೇಳಿದರು. ಕರಿಜ್ವರ ಎಂದು ಅರ್ಥವಂತೆ. ಸೊಳ್ಳೆಗಿಂತ ಚಿಕ್ಕದೊಂದು ಹುಳವಂತೆ, ಮರಳುನೊಣ. ಕೊಟ್ಟಿಗೆಯಲ್ಲಿ, ಮಣ್ಣುಗೋಡೆಯ ಬಿರುಕಿನಲ್ಲಿ ಇರುತ್ತದೆ. ಸದ್ದಿಲ್ಲದೆ ಕಚ್ಚುತ್ತದೆ. ಅದು ಬಿಟ್ಟ ಕ್ರಿಮಿ ಮೈಯೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತುತ್ತದೆ. ಇಷ್ಟನ್ನು ನನ್ನನ್ನು ಕೂರಿಸಿಕೊಂಡು ತಿಳಿಸಿದವರು ಅಲ್ಲಿನ ಡಾಕ್ಟರೇ ಮೊದಲು. ಸೂಜಿ ಶುರುಮಾಡಿದರು. ಜ್ವರ ಇಳಿಯಿತು ಕೂಡ. ಆದರೆ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ತಡವಾಯಿತು ಎಂದರು. ಇವರು ಉಳಿಯಲಿಲ್ಲ.

ಅದು ಸನ್ನಿ ಎನ್ನುತ್ತಾರೆ. ಬಿಹಾರದಲ್ಲಿ ಎಂದೋ ಕೇಳಿದ ಹೆಸರು ಭ್ರಮೆಯಲ್ಲಿ ಬಾಯಿಗೆ ಬಂತು ಎನ್ನುತ್ತಾರೆ. ಇರಲಿ. ಜ್ವರ ಅವರಿಗಿತ್ತು, ನನಗಿರಲಿಲ್ಲವಲ್ಲ! ಕೆಮ್ಮಿದವರು ಇವರಲ್ಲ. ಆ ದನಿ ಯಾರದು ಎಂದು ಕೇಳಿಕೊಳ್ಳುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ಆರದಿರುವುದು ಇನ್ನೊಂದು ಸಿಟ್ಟು. ಸತ್ತ ಮೇಲೂ ಅಷ್ಟು ದೂರದಿಂದ ಹೇಳಲೆಂದೇ ಬಂದ ಮನುಷ್ಯ, ಒಂದೆರಡು ತಿಂಗಳು ಮೊದಲೇ ಬರಬಾರದಿತ್ತೆ?