ಆಡಿನೊಂದಿಗೆ ಬಂದವಳು

ಆ ವರ್ಷ ನಾನು ಮಗಳನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು, ಬೆಳಗಾವಿಯಲ್ಲೇ ಒಂದು ಆಶ್ರಯದ ಮನೆ ಸೇರಿದ್ದೆ. ಹೊಡೆತ ತಾಳಲಾರದೆ ಬಂದ ಹೆಂಗಸರು ಮತ್ತು ಅವರ ಮಕ್ಕಳಿಗಾಗಿ ಇದ್ದ ಮನೆ ಅದು. ಗಂಡಂದಿರು ಹುಡುಕಿಕೊಂಡು ಬರಬಾರದೆಂದು ಹೊರಗೆ ಬೋರ್ಡು ಕೂಡ ಹಾಕಿರಲಿಲ್ಲ. ಅದನ್ನು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಕೀಲಿಗೊಂಚಲು, ಎಲ್ಲದಕ್ಕೂ ಒಂದು ನಿಯಮ. ಆ ನಿಯಮಗಳನ್ನೆಲ್ಲ ಚೆಂದದ ಅಕ್ಷರದಲ್ಲಿ ಬರೆದು, ಮೈದಾ ಹಿಟ್ಟಿನ ಅಂಟು ಕಲಸಿ ಪಡಸಾಲೆಯ ಗೋಡೆಗೆ ಹಚ್ಚಿದ್ದರು.

ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಒಬ್ಬ ಹೆಂಗಸು ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಹಗ್ಗ. ಹಗ್ಗದ ಆ ತುದಿಗೆ ಹೊಟ್ಟೆ ಉಬ್ಬಿದ ಕರೀ ಆಡು.

ಅವಳು ಖಾನಾಪುರ ಕಡೆಯ ಬೀಡಿ ಎಂಬ ಊರಿನ ಆಚೆಯ ಹಳ್ಳಿಯವಳು, ಕುರಿ ಕಾಯುವ ಮನೆತನದವಳು. ಬೀಡಿಯ ನರ್ಸ್ ಒಬ್ಬರು ಗುಟ್ಟಾಗಿ ವಿಳಾಸ ಹೇಳಿ ಕಳಿಸಿದ್ದರಂತೆ. ಟೆಂಪೊ ಹಿಡಿದು ಖಾನಾಪುರ, ಅಲ್ಲಿಂದ ಪ್ಯಾಸೆಂಜರ್ ರೈಲು. ರೈಲಿನಲ್ಲಿ ಟಿ.ಸಿ. ಮರಾಠಿಯಲ್ಲಿ ಬೈದನಂತೆ, ಇವಳು ಕನ್ನಡದಲ್ಲಿ "ಬಸರಿ ಐತ್ರಿ, ನಡುದಾರ್ಯಾಗ ಇಳಸಬ್ಯಾಡ್ರಿ" ಎಂದಳಂತೆ. ಅಷ್ಟರಲ್ಲಿ ಆಡು ಅವನ ಚೀಲಕ್ಕೆ ಬಾಯಿ ಹಾಕಿತು. ಅವನು ದೇಸೂರಿನಲ್ಲಿ ಇಳಿದು ಬೇರೆ ಡಬ್ಬಿ ಹತ್ತಿಕೊಂಡ.

ಅಕ್ಕೋರು ಆಡನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲಿ ಹೆಣ್ಣಮಕ್ಕಳಿಗೆ ಅಷ್ಟ ಜಾಗಾ ಐತೆವ್ವಾ."

"ಇದೂ ಹೆಣ್ಣ ಐತ್ರಿ."

"ಅದ್ಹಂಗಲ್ಲ. ಹೊಡತ ತಿಂದು ಬಂದಾವ್ರಿಗೆ."

"ಇದನ್ನೂ ಒದ್ದಾನ್ರಿ," ಎಂದಳು ಅವಳು. "ನನ್ನ ಒದ್ದಾಗೆಲ್ಲಾ ಇದನ್ನೂ ಒದೀತಾನ."

ಅಕ್ಕೋರ ಬಳಿ ಇದಕ್ಕೊಂದು ನಿಯಮ ಇರಲಿಲ್ಲ. ಸೊಂಟದ ಕೀಲಿಗೊಂಚಲು ಸರಿಮಾಡಿಕೊಂಡು, "ನಾಳೆ ಬ್ಯಾರೆ ಕಡೆ ನೋಡೂಣು. ಈಗ ಒಳಗ ಬರ್ರಿ," ಎಂದರು. ಆ ಬಹುವಚನದಲ್ಲಿ ಆಡೂ ಸೇರಿತ್ತೋ ಏನೋ, ಎಲ್ಲರಿಗಿಂತ ಮೊದಲು ಅದೇ ಒಳಗೆ ಬಂತು.

ಹಿತ್ತಲಿನಲ್ಲಿ ಕಟ್ಟಿದರೂ ಅದು ಹಗ್ಗ ಕಳಚಿಕೊಂಡು ಬಂತು. ನಾವು ಅವಲಕ್ಕಿ ತಿನ್ನುತ್ತಾ ಕುಳಿತಿದ್ದಾಗ ಗೋಡೆಯ ಕಡೆಯಿಂದ ಪರಪರ ಸಪ್ಪಳ. ಆಡು ಹಿಂಗಾಲ ಮೇಲೆ ನಿಂತು ಅಕ್ಕೋರ ನಿಯಮಗಳನ್ನು ಮೈದಾ ಅಂಟಿನ ಸಮೇತ ತಿನ್ನುತ್ತಿತ್ತು. 'ಶಾಂತಿ ಕಾಪಾಡಬೇಕು' ಎಂಬಲ್ಲಿಗೆ ಬಂದಿತ್ತು. ಅಕ್ಕೋರು ಕೆಳಗಿನಿಂದ ಹಾಳೆ ಎಳೆದರು, ಆಡು ಮೇಲಿನಿಂದ ಎಳೆಯಿತು.

ನನ್ನ ಮಗಳು ಜೋರಾಗಿ ನಕ್ಕುಬಿಟ್ಟಳು. ನಕ್ಕವಳೇ ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆ ನೋಡಿದಳು. ಅವಳ ಅಪ್ಪನಿಗೆ ಮನೆಯಲ್ಲಿ ಸದ್ದಾಗಬಾರದಿತ್ತು. ತಿಂಗಳ ಪಗಾರ ತರುವ, ನಾಲ್ಕು ಮಂದಿ ಕೈಮುಗಿಯುವ ಮನುಷ್ಯ. ಮನೆಯೊಳಗಿನದನ್ನು ಹೇಳಿದರೆ ನನ್ನ ತವರಿನವರೂ ನಂಬಿರಲಿಲ್ಲ. ಬೀಡಿಯವಳು ಮಗಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ನಗವ್ವಾ, ಇಲ್ಲಿ ಬೈಯಾವ್ರು ಯಾರೂ ಇಲ್ಲ," ಎಂದಳು. ಹಾಳೆಯ ಅರ್ಧ ತುಂಡು ಹಿಡಿದು ನಿಂತ ಅಕ್ಕೋರು ಬೈಯಲೆಂದು ತೆರೆದ ಬಾಯಿಯನ್ನು ಮುಚ್ಚಿಕೊಂಡರು.

ವಾರ ಕಳೆಯುವುದರೊಳಗೆ ಅವಳ ಗಂಡ ಬಂದ, ಊರಿನ ಒಬ್ಬ ಹಿರಿಯನನ್ನೂ ಕರೆತಂದಿದ್ದ. ಪೊಲೀಸರಿಗೂ ಸುಲಭಕ್ಕೆ ಸಿಗದ ಮನೆ ಇವನಿಗೆ ಹೇಗೆ ಸಿಕ್ಕಿತೆಂದು ಅಕ್ಕೋರು ಬೆರಗಾದರು. ಅವನು ಟೆಂಪೊ ಸ್ಟ್ಯಾಂಡಿನಿಂದ ಹಿಡಿದು "ಆಡು ತಗೊಂಡು ಹೋದಾಕಿ ಯಾಕಡೆ ಹೋದಳ್ರಿ" ಎಂದು ಕೇಳುತ್ತಾ ಬಂದಿದ್ದ. ಒಬ್ಬರೂ ಮರೆತಿರಲಿಲ್ಲ.

ಅಕ್ಕೋರು ಇಬ್ಬರನ್ನೂ ಕಟ್ಟೆಯ ಮೇಲೇ ಕೂರಿಸಿದರು. ನಾವು ಬಾಗಿಲಲ್ಲಿ ಗುಂಪಾಗಿ ನಿಂತೆವು.

"ನನ್ನ ಆಡು ಕೊಡ್ರಿ," ಎಂದ ಅವನು.

"ಹೇಣ್ತಿ?"

"ಆಕೀದು ಆಮ್ಯಾಲ ನೋಡೂಣ್ರಿ. ಆಡು ಗಬ್ಬ ಐತಿ."

ಹಿರಿಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಗು ಮುಚ್ಚಿಕೊಳ್ಳುತ್ತಿದ್ದಾನೆಂದು ಭುಜ ಕುಲುಕಿದಾಗ ತಿಳಿಯಿತು.

ಬೀಡಿಯವಳು ಮುಂದೆ ಬಂದಳು. "ಆಡು ನನ್ನ ತವರವರು ಕೊಟ್ಟದ್ದರೀ ಯಜಮಾನ್ರ. ಅದು ನನಗ ಬೇಕು. ನಾನೂ ನನಗ ಬೇಕು."

"ಆಡನ್ನ ಬಿಟ್ಟ ನೋಡೂಣು. ಅದು ಯಾರ ಕಡೆ ಹೋಗ್ತೈತೋ ಅವರದು," ಎಂದ ಹಿರಿಯ.

ಹಿತ್ತಲಿನಿಂದ ಆಡನ್ನು ತಂದು ಬಿಟ್ಟರು. ಅದು ಯಾರ ಕಡೆಗೂ ಹೋಗದೆ ಹಿರಿಯನ ಧೋತರದ ಅಂಚನ್ನು ಅಗಿಯತೊಡಗಿತು. ಹಿರಿಯ ಎಳೆದುಕೊಂಡಷ್ಟೂ ಧೋತರ ಸಡಿಲಾಯಿತು. ಅವನು ಎರಡೂ ಕೈಯಿಂದ ಸೊಂಟ ಹಿಡಿದುಕೊಂಡ. "ಹಿಡೀರೋ ಇದನ್ನ," ಎಂದಾಗ ಗಂಡ ಹಗ್ಗ ಹಿಡಿಯಲೆಂದು ಕೈ ಎತ್ತಿದ, ಅಷ್ಟೇ. ಆಡು ತಲೆ ತಗ್ಗಿಸಿ, ಹೊಟ್ಟೆಯನ್ನು ಪಕ್ಕಕ್ಕೆ ತಿರುಗಿಸಿ, ನಮ್ಮ ಕಾಲುಗಳ ನಡುವೆ ನುಗ್ಗಿ ಒಳಗೆ ಓಡಿತು. ಅದೇ ಹೊತ್ತಿಗೆ ಬೀಡಿಯವಳೂ ಮೊಣಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ನಾನೂ ಮುಚ್ಚಿಕೊಂಡಿದ್ದೆ.

ಹಿರಿಯ ಅದನ್ನು ನೋಡಿದ. ಧೋತರ ಸರಿಮಾಡಿಕೊಂಡು, ಈ ಸಲ ನಗದೆ, "ನಡಿಯೋ. ಇನ್ನ ಇಲ್ಲಿ ಕಾಲಿಡಬ್ಯಾಡ," ಎಂದ. ಗಂಡ ಗೊಣಗುತ್ತಲೇ ಅವನ ಹಿಂದೆ ಹೋದ.

ಮರುದಿನ ಬೆಳಿಗ್ಗೆ ನಾನು ಅಕ್ಕೋರ ಕೋಣೆಗೆ ಹೋಗಿ, ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳದಿದ್ದನ್ನು ಹೇಳಿದೆ. ಅವರು ವಕೀಲರನ್ನು ಕರೆಸಿದರು. ಮಳೆಗಾಲದ ಹೊತ್ತಿಗೆ ನನಗೆ ಸೀರೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ಒಂದು ಬಾಡಿಗೆ ಕೋಣೆಯೂ ಸಿಕ್ಕಿತು.

ಬೀಡಿಯವಳು ಕಾಕತಿಯಲ್ಲಿ ತಗಡಿನ ಮನೆ ಮಾಡಿದಳು. ಆಡು ಅವಳಿ ಮರಿ ಹಾಕಿತ್ತು. ಒಂದು ರವಿವಾರ ಮಗಳನ್ನು ಕರೆದುಕೊಂಡು ಹೋದಾಗ ಅವಳು ದೊಡ್ಡ ಲೋಟದಲ್ಲಿ ಆಡಿನ ಹಾಲು ಕಾಯಿಸಿ ಕೊಟ್ಟಳು. ಮಗಳು ಮೂಸಿ ನೋಡಿ, "ವಾಸನಿ ಬರ್ತೈತಿ, ನಾ ಒಲ್ಲೆ," ಎಂದಳು. ನನಗೆ ನಾಚಿಕೆಯಾಯಿತು.

"ಇರ್ಲಿ ಬಿಡವ್ವಾ," ಎಂದಳು ಅವಳು, ಲೋಟವನ್ನು ತಾನೇ ಎತ್ತಿಕೊಂಡು. "ಒಲ್ಲೆ ಅನ್ನಾಕ ಕಲ್ತಾಳಲ್ಲ."