ಕಾಕುವಿನ ಕಂಪ್ಯೂಟರಿನಲ್ಲಿ ಸಿಗದ ಬಸವರಾಜ

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮುಲುಂಡಿನಿಂದ ನನ್ನ ಕಾಕು, ಅಂದರೆ ಚಿಕ್ಕಮ್ಮ, ಫೋನಿಗೆ ಒಂದು ಫೈಲ್ ಕಳಿಸಿದಳು. ಪವಾಯಿಯ ನಮ್ಮ ಹೊಸ ಮನೆಯ ಬಾಗಿಲಿಗೆ ಹಾಕುವ ನಾಮಫಲಕದ ಡಿಸೈನ್. ನನ್ನ ಹೆಸರು, ಪಕ್ಕದಲ್ಲಿ ಗಂಡನ ಹೆಸರು, ಸುತ್ತಲೂ ಮಲ್ಲಿಗೆ ಬಳ್ಳಿ. ಆದರೆ ನನ್ನ ಕಣ್ಣು ಮೊದಲು ಹೋದದ್ದು ಫೈಲಿನ ಹೆಸರಿನ ಮೇಲೆ. ‘ಪವಾಯಿ ಪೋರಿ, ಬಳ್ಳಿ ಸಣ್ಣ ಮಾಡಿದ್ದು’ ಎಂದಿತ್ತು. ನಾನು ಕಲಿಸಿದ ಪಾಠವೆಲ್ಲ ನೀರುಪಾಲಾಯಿತಲ್ಲ ಎಂದು ನಗು ಬಂತು.

ಯಾವ ಪಾಠ ಎನ್ನುತ್ತೀರಾ? ಹೇಳುತ್ತೇನೆ, ನೀವೂ ಒಂದು ಕಪ್ ಚಹಾ ಇಟ್ಟುಕೊಳ್ಳಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯಿಂದ ಬಂದು ಮುಲುಂಡ್ ಸ್ಟೇಷನ್ನಿನ ಹತ್ತಿರ ನಾಮಫಲಕದ ಅಂಗಡಿ ಹಾಕಿದವನು. ಅವನ ಬಾಯಲ್ಲಿ ಅದು ‘ಪಾಟಿ’. ಎಲ್ಲಿ ಹೊಸ ಬಿಲ್ಡಿಂಗ್ ಎದ್ದರೂ ಅವನಿಗೆ ಹಬ್ಬ. ಅಂಗಡಿಯಲ್ಲಿ ಕತ್ತರಿಸುವ ಮಷಿನ್ ಕಾಕಾನದು, ಕಂಪ್ಯೂಟರ್ ಅವನ ಹೆಂಡತಿ ಕಾಕುವಿನದು. ಆ ಕಂಪ್ಯೂಟರಿನೊಳಗಿನ ಫೈಲುಗಳಿಗೆ ಅವಳು ಇಟ್ಟ ಹೆಸರುಗಳನ್ನು ನೀವು ನೋಡಬೇಕಿತ್ತು. ‘ನಾಯಿ ಇದ್ದ ಮನಿ’, ‘ಚಷ್ಮಾದವರು’, ‘ಭಾಳ ಚೌಕಾಸಿ’. ನಾನಾಗ ಕಾಲೇಜಿನಲ್ಲಿದ್ದೆ. ನಾಲ್ಕಕ್ಷರ ಕಂಪ್ಯೂಟರ್ ಕಲಿತಿದ್ದ ಜಂಬದಲ್ಲಿ ಅಂಗಡಿಯ ಉದ್ಧಾರಕ್ಕೆ ಟೊಂಕ ಕಟ್ಟಿದೆ. ಮೊದಲು ವರ್ಷ, ಆಮೇಲೆ ಬಿಲ್ಡಿಂಗ್, ಕೊನೆಗೆ ಗಿರಾಕಿಯ ಹೆಸರು. ಹೀಗೇ ಬರೆಯಬೇಕು, ಆಗ ಯಾವ ಫೈಲಾದರೂ ಚಿಟಿಕೆ ಹೊಡೆಯುವುದರಲ್ಲಿ ಸಿಗುತ್ತದೆ ಎಂದು ಭಾಷಣ ಬಿಗಿದೆ.

“ಗಿರಾಕಿ ಹೆಸರು ಬರೀಲೇಬೇಕೇನು? ಎಲ್ಲಾರದೂ?” ಎಂದಳು ಕಾಕು.

“ಎಲ್ಲಾರದೂ,” ಎಂದೆ ನಾನು, ದೊಡ್ಡ ಆಫೀಸರಳ ಹಾಗೆ.

ಅವಳು ಸೆರಗಿನಿಂದ ಕೀಲಿಮಣೆಯ ಧೂಳು ಒರೆಸಿ ತಲೆಯಾಡಿಸಿದಳು. ಕೆಲವೇ ದಿನಗಳಲ್ಲಿ ಕಂಪ್ಯೂಟರ್ ಕನ್ನಡಿಯಂತಾಯಿತು. ಇನ್ನೊಂದು ಪದ್ಧತಿಯನ್ನು ಅವಳೇ ತಂದಿದ್ದಳು. ಕೆಲವು ಗಿರಾಕಿಗಳಿಗೆ ಕೀಲಿಮಣೆ ಕೊಟ್ಟು, “ನಿಮ್ಮ ಹೆಸರು ನೀವ ಬರೀರಿ, ತಪ್ಪೂದಿಲ್ಲ,” ಎನ್ನುತ್ತಿದ್ದಳು. ಆಹಾ, ಎಂಥ ವ್ಯಾಪಾರದ ಜಾಣ್ಮೆ ಎಂದು ಗೆಳತಿಯರ ಮುಂದೆಲ್ಲ ಹೊಗಳಿದ್ದೇ ಹೊಗಳಿದ್ದು.

ಆ ಹೊತ್ತಿಗೆ ಅವರಿದ್ದ ಸಾಲುಮನೆಗಳ ಚಾಳು ಹೋಗಿ ಅದೇ ಜಾಗದಲ್ಲಿ ಬಿಲ್ಡಿಂಗ್ ಎದ್ದಿತ್ತು. ಕಾಕಾನಿಗೆ ಜೀವನದಲ್ಲಿ ಮೊದಲ ಸಲ ಸ್ವಂತ ಬಾಗಿಲು ಸಿಕ್ಕಿತ್ತು. ಅದರ ಮೇಲೆ ತನ್ನ ಹೆಸರಿನ ಪಾಟಿ ಬೇಕು, ಅದನ್ನು ಹೆಂಡತಿಯೇ ಡಿಸೈನ್ ಮಾಡಬೇಕು. ಅವನಿಗಿದ್ದದ್ದು ಅದೊಂದೇ ಆಸೆ. ಕೇಳಿದಾಗಲೆಲ್ಲ ಕಾಕು “ಮಾಡೂಣ ತಗೋರಿ” ಎಂದು ಬೇರೆ ಮಾತು ತೆಗೆಯುತ್ತಿದ್ದಳು. “ಮುಲುಂಡಿಗೆಲ್ಲ ಪಾಟಿ ಮಾಡ್ತೀವಿ, ನಮ್ಮ ಬಾಗಲಾ ನೋಡು, ಬೋಳ,” ಎಂದು ಕಾಕಾ ನನ್ನ ಮುಂದೆ ಗೊಣಗುತ್ತಿದ್ದ.

ಒಮ್ಮೆ ಕಾಕು ತಂಗಿಯ ಮಗಳ ಸೀಮಂತಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಕುಬಸಕ್ಕೆಂದು, ಊರಿಗೆ ಹೋದಳು. ಕಂಪ್ಯೂಟರಿನ ಮುಂದೆ ನಾನು ಕೂತೆ. ಭಾಂಡುಪಿನಿಂದ ಒಬ್ಬ ಗಿರಾಕಿ ಫೋನ್ ಮಾಡಿದ. ಬಣ್ಣ ಹಚ್ಚುವವರು ಅವನ ಪಾಟಿ ಬೀಳಿಸಿ ಒಡೆದಿದ್ದರಂತೆ, ಅಂಥದ್ದೇ ಇನ್ನೊಂದು ಬೇಕು. ಹೆಸರು ಬಸವರಾಜ. ನಾನು ಠೀವಿಯಿಂದ ಹೆಸರು ಒತ್ತಿ ಹುಡುಕಿದೆ. ಸಿಗಲಿಲ್ಲ. ಅಕ್ಷರ ಬದಲಿಸಿ ಹುಡುಕಿದೆ. ಗಿರಾಕಿಗಳಲ್ಲಿ ಅರ್ಧ ನಮ್ಮ ಕಡೆಯ ಜನ, ಅವರಲ್ಲಿ ಒಬ್ಬನೂ ಬಸವರಾಜನಿಲ್ಲ ಎಂದರೆ ನಂಬುವ ಮಾತೇ?

ಕಾಕಾ ಮಷಿನ್ ನಿಲ್ಲಿಸಿ ಬಂದು ಪರದೆ ನೋಡಿದ. ಅವನ ಮುಖ ಸಣ್ಣದಾಯಿತು. ಏಕೆಂದರೆ ಕಾಕಾನ ಹೆಸರೂ ಬಸವರಾಜ.

“ಅಂದ್ರ ನಂದೂ ಮಾಡಿಲ್ಲ ಅಕಿ,” ಎಂದ. “ಎಲ್ಲಾರ ಹೆಸರೂ ಐತಿ. ನನ್ನ ಹೆಸರ ಇಲ್ಲ.”

“ಕಾಕಾ, ಟೆನ್ಶನ್ ಮತ್ ಲೋ, ಚಿಂತೆ ಬೇಡ,” ಎಂದು ಕಾಕುವಿಗೆ ಫೋನ್ ಹಚ್ಚಿದೆ. ಆ ಕಡೆ ಹೆಂಗಸರ ಹಾಡು, ಗದ್ದಲ.

“ಕಾಕು, ಬಸವರಾಜ ಅನ್ನೋ ಫೈಲ್ ಒಂದೂ ಇಲ್ಲ!”

“ಹೆಂಗಿರತಾವು? ಅವೆಲ್ಲಾ ‘ಇವರು’ ಅಂತ ಇಟ್ಟೀನಿ ನೋಡು.”

“ಯಾರು ಇವರು?”

“ಅಯ್ಯ, ನಿಮ್ಮ ಕಾಕಾನ ಹೆಸರಿನವ್ರು! ನಾ ಹೆಂಗ ಅವರ ಹೆಸರ ಹಿಡೀಲಿ?”

“ಬಾಯಿಂದ ಹೇಳಬೇಡ ಕಾಕು, ಟೈಪ್ ಮಾಡೋಕೇನು?”

“ಬಾಯಿಲೆ ಅಂದ್ರೇನು, ಕೈಬಟ್ಟಿಲೆ ಬರದ್ರೇನು, ಹಿಡದಂಗ ಅಲ್ಲೇನು?” ಎಂದು ಫೋನ್ ಇಟ್ಟಳು.

ನನ್ನ ಭಾಷಣದ ದಿನ ಅವಳು ‘ಎಲ್ಲಾರದೂ?’ ಎಂದು ಕೇಳಿದ್ದು ಏಕೆಂದು ಆಗ ತಿಳಿಯಿತು. ಕೆಲವರ ಕೈಗೆ ಮಾತ್ರ ಕೀಲಿಮಣೆ ಕೊಡುತ್ತಿದ್ದುದೂ ಯಾವ ವ್ಯಾಪಾರದ ಜಾಣ್ಮೆಯೆಂದು ತಿಳಿಯಿತು. ಪರದೆಯ ಮೂಲೆಯಲ್ಲಿ ‘ಇವರು’ ಎಂಬ ಫೋಲ್ಡರ್ ಇತ್ತು. ಯಾವುದೋ ಅರ್ಧಕ್ಕೆ ಬಿಟ್ಟ ಹೆಸರೆಂದು ನಾನು ಅದನ್ನು ಎಷ್ಟೋ ಸಲ ದಾಟಿಹೋಗಿದ್ದೆ. ತೆರೆದರೆ ಬಸವರಾಜರ ಜಾತ್ರೆ: ‘ಇವರು ಭಾಂಡುಪ’, ‘ಇವರು ಮಲಾಡ’, ‘ಇವರು ಎತ್ತರದವರು’. ಎಲ್ಲದರ ಕೊನೆಗೆ ಇನ್ನೊಂದು ಫೋಲ್ಡರ್, ‘ನಮ್ಮ ಇವರು’.

ಅದರಲ್ಲಿದ್ದವೆಲ್ಲ ಒಂದೇ ಬಾಗಿಲಿನ ಪಾಟಿಗಳು. ಒಂದಕ್ಕೆ ಕಸೂತಿಯ ಗೋಪುರ, ಒಂದಕ್ಕೆ ತೆನೆ, ಒಂದಕ್ಕೆ ಮಲ್ಲಿಗೆ ಬಳ್ಳಿ. ಮೇಲಿನ ಸಾಲು ಖಾಲಿ. ಕೆಳಗೆ ಸಣ್ಣಗೆ ಕಾಕುವಿನ ಹೆಸರು. ಹೊಸ ಮನೆಗೆ ಬಂದಾಗಿನಿಂದ ಮಾಡುತ್ತಲೇ ಇದ್ದಳು. ಮೇಲಿನ ಸಾಲು ತುಂಬಲು ಗಂಡನನ್ನೇ ಕರೆಯೋಣವೆಂದರೆ ನಾಚಿಕೆ.

ಕಾಕಾ ಬಹಳ ಹೊತ್ತು ನೋಡಿದ. ಕಣ್ಣು ಒರೆಸಿಕೊಂಡ. ಆಮೇಲೆ ಅವನು ಸ್ಟೂಲ್ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ, ಮಲ್ಲಿಗೆ ಬಳ್ಳಿಯ ಪಾಟಿಯ ಖಾಲಿ ಸಾಲಿನಲ್ಲಿ ತನ್ನ ಹೆಸರು ತಾನೇ ಬರೆದ. ಭಾಂಡುಪಿನ ಬಸವರಾಜ ಒಂದು ದಿನ ಕಾಯಬೇಕಾಯಿತು.

ಕಾಕು ಊರಿನಿಂದ ಚೀಲ ಹೊತ್ತು ಬಂದಾಗ ಬಾಗಿಲಿನ ಮೇಲೆ ಪಾಟಿ ಹೊಳೆಯುತ್ತಿತ್ತು. “ನನ್ನ ಕೇಳದ ನನ್ನ ಫೈಲ್ ಯಾರ ತಗದ್ರಿ?” ಎಂದು ಕೂಗಾಡಿದಳು. ನಮ್ಮ ಕಡೆ ಮದುವಣಗಿತ್ತಿಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವುದುಂಟು. ಅವಳು ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ನಾನು ಬಾಗಿಲಿಗೆ ಕೈ ಅಡ್ಡ ಇಟ್ಟೆ. “ಹೆಸರ ಹೇಳು ಕಾಕು, ಆಮೇಲೆ ಒಳಗೆ ಬಾ.”

ಒಳಗೆ ಕಾಕಾ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಕಾಕು ಸೆರಗು ಸರಿ ಮಾಡಿಕೊಂಡು, ಪಾಟಿಯನ್ನೊಮ್ಮೆ ನೋಡಿ ಹೇಳಿಯೇಬಿಟ್ಟಳು:

“ಊರ ಮಂದಿ ಪಾಟಿ ಮಾಡಿ ಸವದಾವ ನನ್ನ ಬಟ್ಟು,
ಬಸವರಾಜರ ಪಾಟಿ ನೋಡಿ ಬಿಟ್ಟೀನಿ ನನ್ನ ಸಿಟ್ಟು.”

ಪೇಪರ್ ಕೆಳಗೆ ಬಿತ್ತು.

ಈಗ ನಾನು ಆಫೀಸಿನಲ್ಲಿ ಹತ್ತು ಜನರಿಗೆ ಫೈಲುಗಳ ಹೆಸರಿನ ಶಿಸ್ತು ಕಲಿಸುವವಳು. ಗಂಡನನ್ನು ದಿನವಿಡೀ ಹೆಸರು ಹಿಡಿದೇ ಕೂಗುತ್ತೇನೆ, ಅದರಲ್ಲಿ ನನಗೆ ಯಾವ ಅಂಜಿಕೆಯೂ ಇಲ್ಲ. ಆದರೂ ಕಾಕು ಕಳಿಸಿದ ಡಿಸೈನನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವಾಗ, ಹೆಸರು ಕೇಳಿ ಮಿಣುಕುವ ಆ ಖಾಲಿ ಜಾಗದ ಮುಂದೆ ಬೆರಳು ನಿಂತಿತು. ವರ್ಷ ಬರೆಯಲಿಲ್ಲ, ಬಿಲ್ಡಿಂಗ್ ಬರೆಯಲಿಲ್ಲ. ‘ನಮ್ಮ ಇವರು’ ಎಂದು ಬರೆದು ಉಳಿಸಿದೆ.

“ಪಾಟಿ ಬಂತಂತೆ, ಹುಡುಕಿದರೆ ಸಿಗ್ತಿಲ್ಲ. ಯಾವ ಹೆಸರಲ್ಲಿಟ್ಟೆ?” ಎಂದು ಒಳಗಿನಿಂದ ಗಂಡ ಕೇಳುತ್ತಿದ್ದಾನೆ. ನೀವು ಗಮನಿಸಿದಿರೋ ಇಲ್ಲವೋ, ಇಷ್ಟು ಬರೆದರೂ ನಿಮಗೆ ನಾನು ಅವನ ಹೆಸರು ಹೇಳಿಲ್ಲ.

“ಹೇಳ್ತೀನಿ ತಡಿ,” ಎಂದೆ. “ಪ್ರಾಸ ಇನ್ನೂ ಸಿಕ್ಕಿಲ್ಲ.”