ಮಗ್ಗದ ಗುಂಡಿಗೆ ತೋರಿಸಿದ ಧೂಪ

ಆಗ ನನಗೆ ಹದಿನೆಂಟು ವರ್ಷ. ಅದಾಗಿ ಐವತ್ತೈದು ವರ್ಷ ಕಳೆದಿದೆ. ಇವತ್ತಿಗೂ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದರೆ ನಾನು ಮೊದಲು ಹುಡುಕುವುದು ಹತ್ತಿರದಲ್ಲಿ ಬೆಂಕಿ ಎಲ್ಲಿದೆ ಅಂತ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಯುದ್ಧದ ಕಾಲದಲ್ಲಿ ನೂಲಿಗೆ ಕಂಟ್ರೋಲ್ ಬಂದು ಮಗ್ಗ ನಿಂತಿತು. ನಮ್ಮ ಯಜಮಾನರು ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ, ಜಟಕಾಗಳಿಗೆ ಬಣ್ಣ ಹೊಡೆಯುವುದನ್ನು ಕಲಿತರು. ಆಮೇಲೆ ಬಸ್ಸುಗಳಿಗೂ ಹೊಡೆದರು. ಮಗ್ಗ ಹೋಯಿತು, ಅದರ ಗುಂಡಿ ಮಾತ್ರ ಹಾಗೇ ಉಳಿಯಿತು. ನೇಯುವವರು ಕಾಲು ಇಳಿಬಿಟ್ಟು ಕೂರಲು ಒಳಕೋಣೆಯ ನೆಲದಲ್ಲಿ ತೋಡಿದ ಗುಂಡಿ ಅದು. ನಮ್ಮ ಅತ್ತೆಗೆ ಅದೇ ದೇವರು. ಪ್ರತಿ ಶುಕ್ರವಾರ ಮುಸ್ಸಂಜೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಗುಂಡಿಗೆ ಧೂಪ ತೋರಿಸಬೇಕು. ಮಗ್ಗವೇ ಇಲ್ಲವಲ್ಲ ಅಂದರೆ, "ದೇವ್ರು ಊರಿಗೋದ್ರೆ ಗುಡಿ ಕಸ ಹೊಡೆಯಲ್ವೇನೇ?" ಅನ್ನುತ್ತಿದ್ದರು. ಅವರ ಹತ್ತಿರ ಮಾತಾಡಿ ಗೆದ್ದವರಿಲ್ಲ.

ಯುದ್ಧ ಮುಗಿದ ಮೇಲೆ ದೇವನಹಳ್ಳಿ ಕಡೆಯ ಒಬ್ಬ ಗೌಡರು ಹಳೇ ಕಾರಿನ ಭಾಗಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಅವರಪ್ಪನ ಕಾಲದ ಕಾರು. ಪೆಟ್ರೋಲು ಸಿಗದೆ ಕೊಟ್ಟಿಗೆಯಲ್ಲಿ ನಿಂತು ಕೋಳಿಗಳ ಮನೆಯಾಗಿತ್ತು. ಇಂಜಿನ್ನನ್ನು ಬೆಂಗಳೂರಿನಲ್ಲಿ ರಿಪೇರಿಗೆ ಕೊಟ್ಟಿದ್ದರು. ನಮ್ಮ ಮನೆಗೆ ಬಂದದ್ದು ಮಡ್‌ಗಾರ್ಡುಗಳು, ಬಾನೆಟ್ಟು, ದೀಪದ ಬಟ್ಟಲುಗಳು.

"ಮಗಳ ದಿಬ್ಬಣ ಇದ್ರಲ್ಲೇ ಹೋಗ್ಬೇಕಪ್ಪಾ. ಮುಖ ಕಾಣಂಗೆ ಹೊಳೀಬೇಕು," ಅಂದರು ಗೌಡರು.

"ಈಗ ಮುಖ ಕಾಣ್ಸೋದು ಸುಲಭ ಗೌಡ್ರೇ. ಒಂದು ಮಳೆಗಾಲ ಕಳೆದ್ಮೇಲೂ ಕಾಣ್ಬೇಕಲ್ಲ."

"ಮಳೆಗಾಲಕ್ಕೆ ಅಳಿಯ ಇರ್ತಾನೆ, ಒರೆಸ್ಕೋತಾನೆ ಬಿಡು. ನಂಗೆ ಬೇಗ ಆಗ್ಬೇಕು."

ಯಜಮಾನರು ಸುಮ್ಮನೆ ಒಪ್ಪುವವರಲ್ಲ. ಮೂರು ತಗಡಿನ ತುಂಡಿಗೆ ಮೂರು ಥರದ ಬಣ್ಣ ಹಚ್ಚಿ ಪರೀಕ್ಷೆ ಮಾಡಿದರು. ಒಂದು ಜಟಕಾಕ್ಕೆ ಹಾಕುವ ಅಗಸೆ ಎಣ್ಣೆಯ ಬಣ್ಣ. ಇನ್ನೊಂದು ಪಂಪಿನಲ್ಲಿ ಊದುವ ಹೊಸ ಬಣ್ಣ, ತಿನ್ನರ್ ಕಲಸಿದ್ದು. ಮೂರನೆಯದು ಹಚ್ಚಿ ಬೇಯಿಸುವ ಕಪ್ಪು ಬಣ್ಣ. ಒಣಗಿದ ಮೇಲೆ ಕಲ್ಲಿನಲ್ಲಿ ಕುಟ್ಟಿದರು, ನೀರಿನ ತೊಟ್ಟಿಯಲ್ಲಿ ನೆನೆಹಾಕಿದರು. ಊದಿದ ಬಣ್ಣ ಕನ್ನಡಿಯ ಹಾಗೆ ಹೊಳೆಯಿತು, ಕಲ್ಲು ಬಿದ್ದ ಕಡೆ ಚಕ್ಕೆಯಾಗಿ ಎದ್ದಿತು. ಎಣ್ಣೆಯ ಬಣ್ಣ ಗಟ್ಟಿ, ಆದರೆ ಪದರದ ಮೇಲೆ ಪದರ ಒಣಗಲು ದಿನಗಟ್ಟಲೆ ಬೇಕು. ಬೇಯಿಸಿದ ಕಪ್ಪು ಕಲ್ಲಿಗೂ ಜಗ್ಗಲಿಲ್ಲ, ನೀರಿಗೂ ಜಗ್ಗಲಿಲ್ಲ. ನಮ್ಮ ರಸ್ತೆಯ ಜಲ್ಲಿಯೆಲ್ಲ ಸಿಡಿಯುವುದು ಮಡ್‌ಗಾರ್ಡಿಗೆ, ಆದ್ದರಿಂದ ಅವಕ್ಕೆ ಬೇಯಿಸಿದ ಕಪ್ಪು ಅಂತಾಯಿತು. ಬಾನೆಟ್ಟು ನೋಡುವವರ ಕಣ್ಣಿಗೆ ಬೀಳುವುದು, ಗೌಡರಿಗೆ ಅವಸರ ಬೇರೆ, ಅದಕ್ಕೆ ಊದುವ ಬಣ್ಣ.

ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿ ಒಂದು ಗೂಡು ಕಟ್ಟಿದರು. ಕೆಳಗೆ ಇದ್ದಿಲು, ಮೇಲೆ ಕಂಬಿಗೆ ನೇತುಹಾಕಿದ ಮಡ್‌ಗಾರ್ಡು. ನನಗೆ ಜೀವ ಹಾರಿಹೋಗುತ್ತಿತ್ತು. ನಲ್ಲೂರಿನ ಹತ್ತಿರ ನನ್ನ ತವರು. ಚಿಕ್ಕವಳಿದ್ದಾಗ ಅಲ್ಲಿ ಬಣವೆಗೆ ಹತ್ತಿದ ಬೆಂಕಿ ಮನೆಗೆ ಹಾರಿ, ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಾವು ಬೀದಿಗೆ ಓಡಿದ್ದೆವು. ಈಗ ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಗಾಳಿ ಎದ್ದಾಗಲೆಲ್ಲ ಗೂಡಿನ ಪಕ್ಕ ಬಿಂದಿಗೆ ಇಟ್ಟುಕೊಂಡು ಕೂರುತ್ತಿದ್ದೆ. ಅತ್ತೆ ನಗುತ್ತಿದ್ದರು. "ನಿನ್ನ ಮಗ ಹುಟ್ತಾನೇ ಬಿಂದಿಗೆ ಹಿಡ್ಕೊಂಡು ಬರ್ತಾನೆ ಕಣೇ."

ಬಾನೆಟ್ಟನ್ನು ಒಳಕೋಣೆಯಲ್ಲಿಟ್ಟರು. ಬೀದಿಯ ಧೂಳು ಕೂರಬಾರದು ಅಂತ ಕಿಟಕಿ ಮುಚ್ಚಿ ಸಂದಿಗೆ ಹಳೇ ಸೀರೆ ತುರುಕಿದರು. ಮಗ್ಗದ ಗುಂಡಿಯ ಮೇಲೆ ಎರಡು ಹಲಗೆ ಅಡ್ಡ ಹಾಕಿ ಅದರ ಮೇಲೆ ನಿಲ್ಲಿಸಿ, ಸುತ್ತ ತಿರುಗಿ ಬಣ್ಣ ಊದಿದರು. ಆ ವಾಸನೆಗೆ ತಲೆ ಗಿಮ್ಮೆನ್ನುತ್ತಿತ್ತು. ತಿನ್ನರಿನ ಡಬ್ಬಿ ಗೋಡೆಯ ಬದಿಗಿತ್ತು. ಕೆಲಸ ಮುಗಿಸಿ ಹೊರಗೆ ಬಂದು ನನಗೂ ಅತ್ತೆಗೂ ಹೇಳಿದರು, "ಈ ಕೋಣೆಗೆ ದೀಪ ತರ್ಬೇಡಿ. ಬೀಡಿ ಸೇದೋರನ್ನ ಬಿಡ್ಬೇಡಿ."

ಅಲ್ಲಿ ಒಲೆಯಿಲ್ಲ, ಕೆಂಡವಿಲ್ಲ, ಕತ್ತಲೆ, ತಂಪು. ನನ್ನ ಹೆದರಿಕೆಯೆಲ್ಲ ಅಂಗಳದ ಗೂಡಿನ ಮೇಲೇ ಇತ್ತು.

ಅವತ್ತು ಶುಕ್ರವಾರ. ಸಂಜೆ ಯಜಮಾನರು ಉಜ್ಜುವ ಕಾಗದ ತರಲು ಪೇಟೆಗೆ ಹೋದರು. ನಾನು ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ಗೂಡಿನಿಂದ ಕೆಂಡ ತೆಗೆದು ಧೂಪದ ಬಟ್ಟಲಿಗೆ ತುಂಬಿಕೊಂಡು ಒಳಗೆ ನಡೆದಿದ್ದಾರೆ.

"ಅತ್ತೆಮ್ಮಾ, ಒಳಗೆ ಬೇಡ! ಅವರು ಹೇಳಿದಾರಲ್ಲ!"

"ಅವ್ನು ಹೇಳಿದ್ದು ದೀಪ ಬೇಡ ಅಂತ. ಇದು ಕೆಂಡ ಕಣೇ. ಉರೀತಿದ್ಯಾ ನೋಡು."

ನಿಜ, ಉರಿ ಇರಲಿಲ್ಲ. ಬೂದಿ ಮುಚ್ಚಿದ ಕೆಂಡ. ನಾನು ಎದ್ದು ಹೊಸಿಲಿಗೆ ಬರುವಷ್ಟರಲ್ಲಿ ಅವರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸಾಂಬ್ರಾಣಿ ಉದುರಿಸಿ, ಬಟ್ಟಲನ್ನು ಹಲಗೆಯ ಪಕ್ಕದಿಂದ ಒಳಗೆ ಇಳಿಸಿ ಊದಿದರು. ಸಾಂಬ್ರಾಣಿ ಚಿಟ್ಟೆಂದು ಹತ್ತಿತು.

ಆಮೇಲೆ ಗುಂಡಿಯೇ ಹತ್ತಿತು. ಭುಸ್ಸೆಂದು ನೀಲಿ ಉರಿ ಅಂಚಿನ ತನಕ ತುಂಬಿ ಮೇಲೆದ್ದಿತು. ತಿನ್ನರಿನ ಆವಿ ಕೋಣೆಯಿಂದ ಹೋಗಿರಲಿಲ್ಲ, ನೀರಿನ ಹಾಗೆ ಇಳಿದು ಗುಂಡಿಯಲ್ಲಿ ನಿಂತಿತ್ತು ಅಂತ ನಮ್ಮ ಯಜಮಾನರು ಆಮೇಲೆ ಹೇಳಿದರು. ಅತ್ತೆ ಹಿಂದಕ್ಕೆ ಬಿದ್ದರು. ಕೂದಲು ಸುಟ್ಟ ಕಮಟು. ಸೆರಗಿನ ಅಂಚು ಉರಿಯುತ್ತಿತ್ತು. ಗೋಡೆಯ ಬದಿಯ ಡಬ್ಬಿ ಮಾತ್ರ ಕಾಣುತ್ತಿತ್ತು. ಅದು ಹತ್ತಿದರೆ ನಾನೂ ಇಲ್ಲ, ಕೂಸೂ ಇಲ್ಲ, ಅತ್ತೆಯೂ ಇಲ್ಲ. ಓಡು ಅಂತ ಒಳಗಿನಿಂದ ಯಾರೋ ಕೂಗಿದ ಹಾಗೆ. ಅತ್ತೆ "ಅಯ್ಯೋ, ಹುಡುಗಿ" ಅಂದರು. ಅಷ್ಟು ಮೆತ್ತಗೆ ಅವರು ಯಾವತ್ತೂ ನನ್ನನ್ನು ಕರೆದಿರಲಿಲ್ಲ. ಒಳಗೆ ನುಗ್ಗಿ ಅವರ ಕಾಲು ಹಿಡಿದು ಅಂಗಳದ ತನಕ ದರದರ ಎಳೆದೆ, ಬಿಂದಿಗೆಯ ನೀರು ಮೈಮೇಲೆ ಸುರಿದೆ. ಗಂಟಲು ಬಿದ್ದುಹೋಗುವ ಹಾಗೆ ಕೂಗಿದೆ.

ಪಕ್ಕದ ಮನೆಯವರು ನೆನೆಸಿದ ಗೋಣಿತಾಟು ತಂದು ಮೊದಲು ಆ ಡಬ್ಬಿಯ ಮೇಲೆ ಮುಚ್ಚಿ ಹೊರಗೆ ಹೊತ್ತು ಹಾಕಿದರು. ಆಮೇಲೆ ಗುಂಡಿಗೆ ಮಣ್ಣೆರಚಿದರು. ಮನೆ ಉಳಿಯಿತು.

ಯಜಮಾನರು ಓಡಿ ಬಂದರು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಾಯಿಂದ ಬಂದದ್ದು, "ಬಾನೆಟ್ಟು?"

"ನಿನ್ನ ಬಾನೆಟ್ಟಿಗಿಷ್ಟು ಬೆಂಕಿ ಹಾಕ!" ಅಂದರು ಅತ್ತೆ.

"ಹಾಕಾಯ್ತಲ್ಲವ್ವಾ."

ಹುಬ್ಬಿಲ್ಲದ ಮುಖದಲ್ಲಿ ಅತ್ತೆ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅವರ ಬಲಗೈ ಬೊಬ್ಬೆ ಎದ್ದಿತ್ತು, ಲೋಳೆಸರ ಸೀಳಿ ಹಚ್ಚಿದೆ. ಕೂಸು ಒದೆಯುತ್ತದೋ ಇಲ್ಲವೋ ಅಂತ ಹೊಟ್ಟೆ ಹಿಡಿದುಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಒದೆಯಿತು.

ಊದಿದ ಬಣ್ಣ ಹಪ್ಪಳದ ಹಾಗೆ ಉಬ್ಬಿ ಸಿಪ್ಪೆ ಬಿಟ್ಟಿತ್ತು. ಬೇಯಿಸಿ ತಂದು ಅದೇ ಕೋಣೆಯಲ್ಲಿ ಒರಗಿಸಿಟ್ಟಿದ್ದ ಮಡ್‌ಗಾರ್ಡಿಗೆ ಬರೀ ಮಸಿ ಹಿಡಿದಿತ್ತು. ಯಜಮಾನರು ಬೆರಳಿನಲ್ಲಿ ಒರೆಸಿದರು, ಕೆಳಗಿನ ಕಪ್ಪು ಹಾಗೇ ಇತ್ತು.

"ಬಾನೆಟ್ಟಿಗೆ ಎಣ್ಣೆ ಬಣ್ಣವೇ ಹೊಡೀತೀನಿ. ಗೌಡ್ರು ಕಾಯ್ಲಿ, ಬೈದ್ರೆ ಬೈಲಿ. ತಿನ್ನರ್ ಇನ್ನು ಮನೆಯೊಳಕ್ಕೆ ಬರಲ್ಲ," ಅಂದರು.

ಒಳ್ಳೆಯ ಮನುಷ್ಯರೇ. ಆದರೆ ಇನ್ನೊಬ್ಬ ಗೌಡರು ಇನ್ನೊಂದು ಅವಸರ ತಂದರೆ ಆ ಮಾತು ನಿಲ್ಲುತ್ತದೆ ಅಂತ ನನಗೆ ನಂಬಿಕೆಯಿರಲಿಲ್ಲ. ಅತ್ತೆಯ ಶುಕ್ರವಾರವಂತೂ ಏಳು ದಿನಕ್ಕೆ ಬಂದೇ ಬರುತ್ತದೆ.

"ಆ ಗುಂಡಿ ಮುಚ್ಬಿಡ್ತೀನಿ ಅತ್ತೆಮ್ಮಾ," ಅಂದೆ.

"ಮಗ್ಗ ವಾಪಸ್ ಇಳಿಸಿದ್ರೆ?"

"ಆಗ ನಾನೇ ತೋಡ್ಕೊಡ್ತೀನಿ."

ಅವರು ಸುಟ್ಟ ಕೈಯನ್ನು ಎದೆಯ ಹತ್ತಿರ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.

ಮಾರನೆಯ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲೇ ಗುಂಡಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದೆ. ಆಮೇಲೆ ಮಂಕರಿ ತೆಗೆದುಕೊಂಡು ಹಿತ್ತಲಿನಿಂದ ಮಣ್ಣು ಹೊತ್ತು ತಂದು ಅದರೊಳಕ್ಕೆ ಸುರಿಯತೊಡಗಿದೆ.